ಲಸಿಕೆ ಬೇಡ ಎಂದ ತಮ್ಮನಿಗೆ

ತಮ್ಮಾ, ನೀನು ಬೆಳಿಗ್ಗೆ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದನ್ನು ನೋಡಿದೆ. ದನಗಳಿಗೆ ಚರ್ಮಗಂಟು ರೋಗದ ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ, ಅಜ್ಜಿಯ ಕಾಲದ ವೀಳ್ಯದೆಲೆ ಮದ್ದೇ ಸಾಕು, ರೋಗದ ಹಸುವಿನ ಹಾಲು ಕುಡಿದರೆ ನಮಗೂ ಗಂಟು ಏಳುತ್ತದೆ ಎಂದೆಲ್ಲ ಇದೆಯಲ್ಲ, ಅದನ್ನೇ. ಈಗಷ್ಟೇ ಡೇರಿಗೆ ಹಾಲು ಹಾಕಿ ಬಂದು ಕುಳಿತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕೇಳು.

ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಹಾಲನ್ನು ಹೇಗೂ ಕಾಯಿಸಿಯೇ ಕುಡಿಯುತ್ತೇವೆ. 2022ರಲ್ಲಿ ಇದೇ ಸುಳ್ಳು ಸುದ್ದಿ ಹಬ್ಬಿ, ನಾನು ದಿನವೂ ಹಾಲು ಹಾಕುವ ವರ್ತನೆಯ ಮನೆಗಳಲ್ಲಿ ಎರಡು ತಪ್ಪಿಹೋದವು.

ಇನ್ನು ಅಜ್ಜಿಯ ಕಾಲದ ಮದ್ದು. ಅಜ್ಜಿ ಈ ರೋಗವನ್ನು ಕಂಡೇ ಇರಲಿಲ್ಲ! 1929ರಲ್ಲಿ ಆಫ್ರಿಕದ ಜಾಂಬಿಯಾದಲ್ಲಿ ಕಾಣಿಸಿಕೊಂಡದ್ದು ನಮ್ಮ ದೇಶದಲ್ಲಿ, ಒಡಿಶಾದಲ್ಲಿ, ಪತ್ತೆಯಾದದ್ದೇ 2019ರಲ್ಲಿ. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಅರೆದು ನಾನೂ ತಿನ್ನಿಸಿದ್ದೇನೆ, ಬೇಡವೆನ್ನುವುದಿಲ್ಲ. ಆದರೆ ಸೊಳ್ಳೆ, ನೊಣ, ಉಣ್ಣೆ ಹೊತ್ತು ತರುವ ವೈರಸ್ಸನ್ನು ಅದು ಬಾಗಿಲಲ್ಲಿ ತಡೆಯುವುದಿಲ್ಲ.

ನಿನ್ನ ಹಾಗೆ ನಾನೂ ಲೆಕ್ಕ ಹಾಕಿದವಳೇ. ಪಶುವೈದ್ಯರು ಮೇಕೆ ಸಿಡುಬಿನ ಲಸಿಕೆ ತಂದಾಗ ‘ಹಸುವಿಗೆ ಮೇಕೆಯದೇ?’ ಎಂದು ನಕ್ಕು, ಹಸು ಗಬ್ಬವಾಗಿದೆ, ಮುಂದಿನ ಸಲ ನೋಡೋಣ ಎಂದುಬಿಟ್ಟೆ. ಎರಡು ವೈರಸ್‌ಗಳೂ ಒಂದೇ ಕುಲದವು, ಒಂದರ ಲಸಿಕೆ ಇನ್ನೊಂದಕ್ಕೂ ಆಗುತ್ತದೆ ಎಂದು ತಿಳಿಯುವಷ್ಟರಲ್ಲಿ ನಮ್ಮ ಸೀಮೆ ಹಸುವಿಗೆ ಜ್ವರ ಏರಿತ್ತು. ಕತ್ತಿನಿಂದ ಕೆಚ್ಚಲಿನವರೆಗೆ ಗೋಲಿಯಷ್ಟು ದಪ್ಪ ಗಂಟುಗಳು. ಕಾಲು ಊದಿ, ಮಲಗಲೂ ಆಗದೆ ರಾತ್ರಿಯೆಲ್ಲ ನಿಂತೇ ಇರುತ್ತಿತ್ತು. ಒಡೆದ ಗಂಟುಗಳಿಗೆ ಹುಳ ಬೀಳದಂತೆ ಬೇವಿನೆಣ್ಣೆ ಹಚ್ಚಿದ್ದೇ ಹಚ್ಚಿದ್ದು.

ಹಸು ಸಾಯಲಿಲ್ಲ, ಆದರೆ ಗಬ್ಬ ಉಳಿಯದೆ ಕಂದು ಹಾಕಿತು. ಹೊತ್ತಿಗೆ ಎಂಟು ಲೀಟರ್ ಕೊಡುತ್ತಿದ್ದದ್ದು ಮೂರಕ್ಕೆ ನಿಂತಿತು. ಆ ವರ್ಷ, 2022ರಲ್ಲಿ, ದೇಶದಲ್ಲಿ ಲಕ್ಷಕ್ಕೂ ಹೆಚ್ಚು ದನಗಳು ಸತ್ತವು. ನಮ್ಮ ರಾಜ್ಯದಲ್ಲಿ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಎಂದರು. ಬದುಕಿ ಬತ್ತಿದ ಕೆಚ್ಚಲಿಗೆ ಪರಿಹಾರವಿಲ್ಲ. ಡೇರಿಯ ಬಟವಾಡೆಯ ದಿನ ಬೂಸಾದ ಸಾಲ ಮುರಿದುಕೊಂಡು ಕೈಗೆ ಬಂದ ಹಣವನ್ನು ನಿನ್ನ ಭಾವ ಎಣಿಸಲೂ ಇಲ್ಲ.

ಲಸಿಕೆಯಿಂದ ಹಾಲು ಇಳಿಯಬಹುದು, ನಾಲ್ಕಾರು ದಿನ. ಆದರೆ ಲಸಿಕೆ ಮೈಗೆ ಹತ್ತಲು ಮೂರು ವಾರ ಬೇಕು. ಜ್ವರ ಬಂದ ಮೇಲೆ ಓಡಿದರೆ ಪ್ರಯೋಜನವಿಲ್ಲ, ನಾನು ಓಡಿದವಳು. ನಾಳೆಯೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ವಿಚಾರಿಸು. ಭಾನುವಾರ ಸಂತೆಯಿಂದ ತರುತ್ತೇನೆ ಎಂದ ಹಸುವನ್ನು ಒಂದು ತಿಂಗಳು ಬೇರೆಯೇ ಕಟ್ಟು, ಕಲಗಚ್ಚಿನ ಬಾನಿಯೂ ಬೇರೆ ಇರಲಿ. ನಮ್ಮ ಹಿತ್ತಿಲಿನಲ್ಲಿ ಒಂದು ಬಾನಿ ಖಾಲಿ ಬಿದ್ದಿದೆ, ಬಂದು ತೆಗೆದುಕೊಂಡು ಹೋಗು.