ರಂಗೂನಿಗೆ ಬಂದ ಕಿ-21 ಬಾಂಬರ್: ಬೆನ್ನ ಮೇಲೆ ಉದ್ದ ಗಾಜೋ, ಗುಂಡು ಗೂಡೋ?

ಪೊನ್ನಂಪೇಟೆಯವ:
ಎರಡನೇ ಮಹಾಯುದ್ಧದ ಜಪಾನಿನ ಮಿತ್ಸುಬಿಷಿ ಕಿ-21 ಬಾಂಬರ್‌ನ ಪ್ಲಾಸ್ಟಿಕ್ ಕಿಟ್ ಜೋಡಿಸುತ್ತಿದ್ದೇನೆ. ಬೆನ್ನಿಗೆ ಎರಡು ಬಗೆಯ ತುಂಡು ಕೊಟ್ಟಿದ್ದಾರೆ: ಒಂದು ಉದ್ದನೆ ಗಾಜಿನ ಮುಚ್ಚಳ, ಇನ್ನೊಂದು ಗುಂಡಗಿನ ಗನ್ ಗೂಡು. ನನಗೆ ಬೇಕಿರೋದು 1941ರ ಡಿಸೆಂಬರ್‌ನಲ್ಲಿ ರಂಗೂನಿಗೆ ಬಾಂಬ್ ಹಾಕಿದ ವಿಮಾನ. ನಮ್ಮಜ್ಜ ಆಗ ಸೇನೆಯಲ್ಲಿ ಅಲ್ಲೇ ಇದ್ದರು. ಜನ ಅಡಗಿಕೊಳ್ಳದೆ ಬೀದಿಯಲ್ಲಿ ನಿಂತು ಮೇಲೆ ನೋಡ್ತಿದ್ರಂತೆ. ಯಾವುದನ್ನು ಅಂಟಿಸಲಿ? ಈ ಮಳೆಗೆ ಬಣ್ಣ ಬೇರೆ ಒಣಗ್ತಾನೇ ಇಲ್ಲ.

ಮಡಿಕೇರಿ ಮೇಷ್ಟ್ರು:
ಉದ್ದನೆ ಗಾಜೇ ಅಂಟಿಸಪ್ಪ. ಗೂಡು ಬಂದದ್ದು ಆಮೇಲೆ.

1936ರಲ್ಲಿ ಜಪಾನ್ ಸೇನೆ ಕೇಳಿದ್ದು ಗಂಟೆಗೆ 400 ಕಿ.ಮೀ. ವೇಗ, 5 ಗಂಟೆಗೂ ಜಾಸ್ತಿ ಹಾರಾಟ, 750 ಕೆ.ಜಿ. ಬಾಂಬ್. ಮಿತ್ಸುಬಿಷಿಗೂ ನಕಾಜಿಮ ಕಂಪನಿಗೂ ಪೈಪೋಟಿ. ಮಿತ್ಸುಬಿಷಿ ವಿಮಾನ ಗೆದ್ದಿತು, ಆದರೆ ಸೇನೆ ಅದಕ್ಕೆ ಹಾಕಿಸಿದ್ದು ಸೋತವರ ಎಂಜಿನ್! ಎರಡನೇ ಮಾದರಿಯಲ್ಲಷ್ಟೇ ಮಿತ್ಸುಬಿಷಿಯ ಸ್ವಂತ 1,500 ಅಶ್ವಶಕ್ತಿಯ ಎಂಜಿನ್ ಬಂತು.

ಚೀನಾದಲ್ಲಿ ಪೆಟ್ಟು ತಿಂದ ಮೇಲೆ ಗನ್ ಹೆಚ್ಚಿಸಿದರು, ಇಂಧನದ ಟ್ಯಾಂಕಿಗೆ ಅಲ್ಲಲ್ಲಿ ರಬ್ಬರ್ ಹಾಳೆ ಹೊದಿಸಿದರು. ನನ್ನ ಪ್ರಕಾರ ಅದು ಕಣ್ಣೊರೆಸುವ ಕೆಲಸ. ಡಿಸೆಂಬರ್ 23ರಂದು ರಂಗೂನಿನಲ್ಲಿ ಬ್ರಿಟಿಷರ ಬಫಲೋ ಫೈಟರ್ ವಿಮಾನಗಳೂ ಅಮೆರಿಕನ್ ಸ್ವಯಂಸೇವಕರ ಪಿ-40 ಫೈಟರ್‌ಗಳೂ ಇವುಗಳಲ್ಲಿ ಕೆಲವನ್ನು ಉರುಳಿಸಿದವು. ಏನು ಪ್ರಯೋಜನ, ಊರಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ನಿಮ್ಮಜ್ಜ ಹೇಳಿದ್ದು ಸರಿ. ನಿಂತು ನೋಡಿದವರೇ ಜಾಸ್ತಿ ಸತ್ತದ್ದು.

ಆ ಗೂಡಿನ ಕಥೆ ಮಜವಾಗಿದೆ. ಒಳಗೆ ಕೂತವನು ಸೈಕಲ್ ಥರ ಪೆಡಲ್ ತುಳಿಯಬೇಕು. ಚೈನ್ ಎಳೆದು ಗೂಡು ತಿರುಗುತ್ತೆ. ಕೈಯಲ್ಲಿ 12.7 ಮಿ.ಮೀ. ಗನ್. ಹಿಂದೆ ಫೈಟರ್ ಬಿದ್ದಾಗ ಪೆಡಲ್ ತುಳಿಯುತ್ತಾ ಗುರಿ ಇಡೋದು ಅಂದ್ರೆ!

ಕುಶಾಲನಗರ ಕಾಫಿ:
ಮೇಷ್ಟ್ರೇ, ವಿಶಾಖಪಟ್ಟಣಕ್ಕೆ ಬಾಂಬ್ ಹಾಕಿದ್ದೂ ಇದೇನಾ?

ಸೋಮವಾರಪೇಟೆ ಸುಬ್ಬ:
ಬಣ್ಣಕ್ಕೆ ನನ್ನ ಉಪಾಯ: ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಕಾಲದ 40 ವ್ಯಾಟ್ ಬಲ್ಬ್ ಉರಿಸಿ, ಮೇಲೊಂದು ತೂತು ಬಿಡಿ. ಬಲ್ಬ್ ರಟ್ಟಿಗೆ ತಾಗಬಾರದು, ಉರಿಯುವಾಗ ಬಿಟ್ಟು ಹೋಗಬೇಡಿ. ಬೇಗ ಆಗಲಿ ಅಂತ ಒಲೆ ಹತ್ತಿರ ಮಾತ್ರ ಇಡಬೇಡಿ, ರೆಕ್ಕೆ ಸೊಟ್ಟಗಾಗುತ್ತೆ.

ಮಡಿಕೇರಿ ಮೇಷ್ಟ್ರು:
ಅಲ್ಲ ಮಾರಾಯ. 1942ರ ಏಪ್ರಿಲ್ 6ರಂದು ಅಲ್ಲಿಗೆ ಬಂದದ್ದು ನೌಕಾಪಡೆಯ ವಿಮಾನಗಳು, ರ್‍ಯೂಜೊ ಹಡಗಿನಿಂದ ಹಾರಿದವು. ಕಿ-21 ಭೂಸೇನೆಯದ್ದು. ಇದು ಕಲ್ಕತ್ತಾಗೆ ಬಂದಿತ್ತು, ಅದೂ ರಾತ್ರಿ ಹೊತ್ತು. 1943ರ ಜನವರಿಯಲ್ಲಿ ರೇಡಾರ್ ಇದ್ದ ಬ್ರಿಟಿಷರ ಒಂದೇ ಬ್ಯೂಫೈಟರ್ ವಿಮಾನ ಒಂದೇ ರಾತ್ರಿ ಮೂರನ್ನು ಹೊಡೆದು ಹಾಕಿತು. ಕತ್ತಲೂ ಇದನ್ನು ಕಾಯಲಿಲ್ಲ.

ಪೊನ್ನಂಪೇಟೆಯವ:
ಸರಿ ಮೇಷ್ಟ್ರೇ, ಗಾಜೇ ಅಂಟಿಸ್ತೀನಿ. ಸುಬ್ಬಣ್ಣ, ಬಲ್ಬ್ ಉಪಾಯ ಚೆನ್ನಾಗಿದೆ. ಕರೆಂಟ್ ಇದ್ದರೆ ಇವತ್ತೇ ನೋಡ್ತೀನಿ.