ಕೆಡವು, ಬಿಚ್ಚು, ಇಳಿಸು: ಕಾರ್ಖಾನೆ ಶೆಡ್ಡಿಗೆ ಯಾವುದು?

ಗೆಳೆಯರೇ,

ಬಳ್ಳಾರಿಯಿಂದ ಒಂದು ಸಂದೇಹ. ನಮ್ಮ ಕಡೆಯ ಕೆಲಸಗಾರರ ತಂಡವೊಂದು ಹೊರ ಊರಿಗೆ ಹೊರಟಿದೆ. ವಿಮಾನ ಓಡಾಡುತ್ತಿರುವ ನಿಲ್ದಾಣದ ಮಗ್ಗುಲಲ್ಲೇ ಹಳೇ ಕಾರ್ಖಾನೆ ಶೆಡ್ಡುಗಳನ್ನು ತೆಗೆಯಬೇಕು. ಸುರಕ್ಷತಾ ಫಲಕಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದು, ಮೊದಲ ಪದಕ್ಕೇ ತಡವರಿಸಿದ್ದೇನೆ.

ನಾನು ಬರೆದದ್ದು ‘ನೆಲಸಮ ಕಾಮಗಾರಿ’. ತಂಡದಲ್ಲಿ ಗ್ಯಾಸ್ ಕಟರ್ ಹಿಡಿಯುವ ಹಿರಿಯರೊಬ್ಬರಿದ್ದಾರೆ, ಸಂಡೂರಿನ ಕಡೆಯವರು. ಓದಿ ನಕ್ಕರು: “ನೆಲಸಮ ಆಮ್ಯಾಲೆ ಸಾರ್. ನಾವು ಮಾಡಾದು ಬಿಚ್ಚಾದು, ಇಳಸಾದು. ಅಲ್ಲಿ ಕೆಡವಂಗೇ ಇಲ್ಲ.”

ಅವರ ಮಾತು ಸರಿ. ಕೆಡವು ಬಂದದ್ದು ‘ಕೆಡು’ವಿನಿಂದಲ್ಲ, ಬೀಳು ಎಂಬ ಅರ್ಥದ ಹಳಗನ್ನಡದ ‘ಕೆಡೆ’ಯಿಂದ, ಕೆಡಪು, ಕೆಡಹು, ಕೆಡವು. ಬೀಳಿಸುವುದು ಪದದ ಹೊಟ್ಟೆಯಲ್ಲೇ ಇದೆ. ರನ್‌ವೇ ಪಕ್ಕ ಆಗಬಾರದ್ದೂ ಅದೇ. ಒಮ್ಮೆಲೇ ಬಿದ್ದರೆ ದೂಳೆದ್ದು ಪೈಲಟ್‌ಗೆ ದಾರಿ ಕಾಣದು, ತಗಡಿನ ಚೂರು ಹಾರಿದರೆ ಎಂಜಿನ್ನಿಗೆ ಗಂಡಾಂತರ. 2000ರಲ್ಲಿ ಪ್ಯಾರಿಸ್ಸಿನಲ್ಲಿ ಕಾಂಕಾರ್ಡ್‌ನ ಟೈರು ಸೀಳಿದ್ದು ಬೇರೊಂದು ವಿಮಾನದಿಂದ ಕಳಚಿಬಿದ್ದ, ಹೆಚ್ಚುಕಡಿಮೆ ಒಂದು ಮೊಳದ ಲೋಹದ ಪಟ್ಟಿ. ಸತ್ತವರು 113 ಮಂದಿ. ಅದಕ್ಕೇ ಇಲ್ಲಿ ತಗಡು ಮೊದಲು, ಆಮೇಲೆ ಪರ್ಲಿನ್ನು, ಅಂದರೆ ತಗಡಿಗೆ ಆಧಾರವಾದ ಅಡ್ಡಪಟ್ಟಿ, ಕೊನೆಗೆ ಇಡೀ ಚಾವಣಿ ಹೊರುವ ಕಬ್ಬಿಣದ ಚೌಕಟ್ಟು, ಟ್ರಸ್ಸು. ಅದನ್ನೂ ಕ್ರೇನಿಗೆ ಬಿಗಿದುಕೊಂಡೇ ಕತ್ತರಿಸಿ ಇಳಿಸಬೇಕು. 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಗೋಪುರಗಳನ್ನು ಸುಮಾರು 3,700 ಕಿಲೋ ಸ್ಫೋಟಕದಿಂದ ಕೆಲವೇ ಸೆಕೆಂಡಿನಲ್ಲಿ ಉರುಳಿಸಿದರಲ್ಲ, ಅದಕ್ಕೆ ‘ನೆಲಸಮ’ ಒಪ್ಪುತ್ತದೆ.

ಹಾಗಾದರೆ ‘ಇಳಿಸು’ ಎಂದೇ ಇಟ್ಟುಕೊಳ್ಳೋಣವೆಂದರೆ ಹೊಸ ತೊಡಕು. ವಿಮಾನ ಇಳಿಯುವ ಹೊತ್ತಿಗೆ ಕ್ರೇನಿನ ಬೂಮು, ಅಂದರೆ ಅದರ ಉದ್ದನೆ ತೋಳು, ತಗ್ಗಿರಬೇಕು, ಟ್ರಸ್ಸಿನ ಕೆಲಸ ನಿಲ್ಲಬೇಕು. ನನ್ನ ಫಲಕ ಹೀಗಾಯಿತು: “ವಿಮಾನ ಇಳಿಯುವಾಗ ಬೂಮ್ ಇಳಿಸಿ, ಟ್ರಸ್ ಇಳಿಸಬೇಡಿ.” ನನಗೇ ತಲೆ ತಿರುಗಿತು! “ಬೂಮು ಮಲಗಸಿ ಅಂತ ಬರೀರಿ” ಎಂದರು ಅದೇ ಹಿರಿಯರು. ಅಷ್ಟಕ್ಕೆ ಒಂದು ಕಂಟಕ ಕಳೆಯಿತು.

ಉಳಿದದ್ದು ಎರಡು. ಇಡೀ ಕೆಲಸಕ್ಕೆ ನಾಮಪದ ಬೇಕು. ನನಗೆ ಕೊಟ್ಟ ಕರಡಿನಲ್ಲಿ ‘ನಿರ್ಮೂಲನೆ’ ಇತ್ತು, ಪೋಲಿಯೋ ನೆನಪಾಯಿತು. ‘ಬಿಚ್ಚುಗೆಲಸ’ ಎಂದರೆ ತೀರಾ ಹಗುರವೇ? ಎರಡನೆಯದು, ರನ್‌ವೇಗೆ ಹೋಗಬಾರದ ನಟ್ಟು, ಬೋಲ್ಟು, ತಗಡಿನ ಚೂರು ಇವಕ್ಕೆಲ್ಲ ಒಂದೇ ಹೆಸರು. ಕರಡಿನಲ್ಲಿದ್ದದ್ದು ‘ಭಗ್ನಾವಶೇಷ’. ನಮ್ಮ ಕಡೆ ಭಗ್ನಾವಶೇಷವೆಂದರೆ ಹಂಪಿ. ಅದನ್ನು ಬಗ್ಗಿ ಎತ್ತಿ ಚೀಲಕ್ಕೆ ಹಾಕಬೇಕೆಂದು ಯಾರಿಗೂ ಹೊಳೆಯದು. ‘ಚೂರುಪಾರು’ ಸಾಕೆಂದು ನನ್ನೆಣಿಕೆ, ಆದರೆ ಅದರಲ್ಲಿ ಇಡೀ ಬೋಲ್ಟು ಸೇರುತ್ತದೆಯೇ?

ಸೋಮವಾರ ಬೋರ್ಡು ಬರೆಯುವವರಿಗೆ ಕೊಡಬೇಕು. ಅಷ್ಟರೊಳಗೆ ಯಾರಾದರೂ ತಿಳಿಸಿ.