ಗುರುಗ್ರಾಮದಲ್ಲಿ ಟೈಪ್ ರೇಟಿಂಗ್ ತರಬೇತಿ: ಎರಡು-ಮೂರು ತಿಂಗಳಿಗೆ ಕೈಗೆಟಕುವ ಬಾಡಿಗೆಯ ವಸತಿ ಎಲ್ಲಿ, ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. 200 ಗಂಟೆಗಳ ಹಾರಾಟ ಪೂರೈಸಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದಿದ್ದೇನೆ. ಮುಂದಿನ ತಿಂಗಳು ಗುರುಗ್ರಾಮದಲ್ಲಿ ಎ320 ವಿಮಾನದ ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ನಡೆಸಲು ಬೇಕಾದ ಅರ್ಹತೆ) ತರಬೇತಿ ಆರಂಭವಾಗಲಿದೆ. ಮೊದಲ ಕೆಲವು ವಾರ ಹಗಲಿನಲ್ಲಿ ಗ್ರೌಂಡ್ ಕ್ಲಾಸ್, ಆಮೇಲೆ ಸಿಮ್ಯುಲೇಟರ್ (ನೆಲದ ಮೇಲೆಯೇ ವಿಮಾನ ನಡೆಸುವ ಅಭ್ಯಾಸ ಕೊಡುವ ಯಂತ್ರ) ಎಂದು ತಿಳಿಸಿದ್ದಾರೆ. ಒಟ್ಟು ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಖಚಿತವಾಗಿ ಹೇಳಿಲ್ಲ. ಈ ಅವಧಿಯಲ್ಲಿ ನನಗೆ ಸಂಬಳವಿಲ್ಲ, ಹಾರಾಟದ ತರಬೇತಿಗೆ ಮಾಡಿದ ಸಾಲವೂ ಹಾಗೆಯೇ ಇದೆ. ಆದ್ದರಿಂದ ಊಟವೂ ಸೇರಿ ತಿಂಗಳಿಗೆ 18,000 ರೂಪಾಯಿ ಮೀರದ ವಸತಿಯನ್ನು ಹುಡುಕುತ್ತಿದ್ದೇನೆ. ದೆಹಲಿಯ ದ್ವಾರಕಾದಲ್ಲಿ ಅಮ್ಮನ ಸೋದರಸಂಬಂಧಿಯ ಮನೆಯಿದ್ದು, ಅಲ್ಲಿಯೇ ಇದ್ದು ಓಡಾಡು ಎಂದು ಮನೆಯವರು ಹೇಳುತ್ತಿದ್ದಾರೆ. ಅಲ್ಲಿಂದ ಓಡಾಡುವುದು ಸಾಧ್ಯವೇ, ಪಿ.ಜಿ. ಹಿಡಿಯುವುದು ಸರಿಯೇ, ಅಥವಾ ಸಹಪಾಠಿಗಳ ಜೊತೆ ಸೇರಿ ಫ್ಲ್ಯಾಟ್ ಮಾಡುವುದು ಉತ್ತಮವೇ ಎಂಬುದನ್ನು ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಮಸ್ಕಾರ. ನಾನು ಇದೇ ತರಬೇತಿಯನ್ನು ಅಲ್ಲಿಯೇ ಮುಗಿಸಿ ಈಗ ಕೋ-ಪೈಲಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಬಾಡಿಗೆಯ ಲೆಕ್ಕಕ್ಕಿಂತ ಮೊದಲು ನಿಮ್ಮ ನಿದ್ರೆಯ ಲೆಕ್ಕ ಹಾಕಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಸಿಮ್ಯುಲೇಟರ್ ಬಹಳ ದುಬಾರಿ ಯಂತ್ರವಾದ್ದರಿಂದ ಅದನ್ನು ಹಗಲು-ರಾತ್ರಿ ನಡೆಸುತ್ತಾರೆ. ನಿಮ್ಮ ಸ್ಲಾಟ್, ಅಂದರೆ ನಿಮಗೆ ಗೊತ್ತುಮಾಡಿದ ವೇಳೆ, ಇಂದು ಸಂಜೆ 6ಕ್ಕೆ ಇದ್ದು, ಎರಡು ದಿನ ಬಿಟ್ಟು ರಾತ್ರಿ 2ಕ್ಕೆ ಬರಬಹುದು. ಒಂದು ಸ್ಲಾಟ್ ಸಾಮಾನ್ಯವಾಗಿ 4 ಗಂಟೆಯದು. ಅದಕ್ಕೆ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಈ ಇಬ್ಬರು ಜೊತೆಗಾರರಲ್ಲಿ ಪ್ರತಿಯೊಬ್ಬರೂ ಸುಮಾರು ಎರಡು ಗಂಟೆ ವಿಮಾನ ನಡೆಸಬೇಕು, ಉಳಿದ ಎರಡು ಗಂಟೆ ಇನ್ನೊಬ್ಬರಿಗೆ ನೆರವಾಗಬೇಕು. ಅದಕ್ಕೆ ಮುಂಚಿನ ಬ್ರೀಫಿಂಗ್ (ವಿವರಣೆ) ಮತ್ತು ಆಮೇಲಿನ ಡಿಬ್ರೀಫಿಂಗ್ (ವಿಮರ್ಶೆ) ಸೇರಿದರೆ ಆರು ಗಂಟೆ ಕಳೆದಿರುತ್ತದೆ. ಬೆಳಗಿನ 7ಕ್ಕೆ ಹೊರಬಂದು, ಮಧ್ಯಾಹ್ನದವರೆಗೆ ಮಲಗಿ, ಸಂಜೆ ಮುಂದಿನ ಪಾಠ ಓದಬೇಕಾದವರಿಗೆ ಹಗಲಿನಲ್ಲಿ ಕತ್ತಲೆಯೂ ಮೌನವೂ ಇರುವ ಕೋಣೆ ಬೇಕೇ ಬೇಕು.

ನಾನು ಮೊದಲ ತಿಂಗಳು 9,000 ರೂಪಾಯಿಗೆ ಮೂವರಿದ್ದ ಕೋಣೆಯಲ್ಲಿದ್ದೆ. ಉಳಿದ ಇಬ್ಬರು ಕಂಪನಿ ಉದ್ಯೋಗಿಗಳು, ಒಳ್ಳೆಯ ಹುಡುಗರು. ಆದರೆ ಅವರು ಬೆಳಿಗ್ಗೆ 8ಕ್ಕೆ ದೀಪ ಹಾಕಿ ಹೊರಡುವ ಸಿದ್ಧತೆ ನಡೆಸುವ ಹೊತ್ತಿಗೆ ನಾನು ಆಗತಾನೇ ಹಾಸಿಗೆಗೆ ಬಂದಿರುತ್ತಿದ್ದೆ. ಇಂಜಿನ್ ಬೆಂಕಿಯ ಅಭ್ಯಾಸದ ದಿನ ನಿದ್ರೆಯಿಲ್ಲದೆ ಹೋಗಿ, ಬಾಯಿಪಾಠವಾಗಿದ್ದ ಕ್ರಮವನ್ನೇ ತಪ್ಪಿದ್ದೆ. ಆಮೇಲೆ ನನ್ನ ಸಿಮ್ಯುಲೇಟರ್ ಜೊತೆಗಾರನೊಂದಿಗೆ ಇಬ್ಬರ ಕೋಣೆ ಹಿಡಿದು ತಲಾ 13,000 ಕೊಟ್ಟೆವು. ಸ್ಲಾಟ್ ಒಂದೇ ಆದ್ದರಿಂದ ಮಲಗುವುದೂ ಏಳುವುದೂ ಒಟ್ಟಿಗೆ, ಕ್ಯಾಬ್ ಬಾಡಿಗೆಯೂ ಅರ್ಧಕ್ಕರ್ಧ. ಎಲ್ಲಕ್ಕಿಂತ ಮುಖ್ಯವಾಗಿ, ಕಾಕ್‌ಪಿಟ್‌ನ ದೊಡ್ಡ ಪೋಸ್ಟರನ್ನು ಗೋಡೆಗೆ ಅಂಟಿಸಿ, ಅದರ ಮುಂದೆ ಎರಡು ಕುರ್ಚಿ ಹಾಕಿಕೊಂಡು, ಸ್ವಿಚ್‌ಗಳ ಮೇಲೆ ಬೆರಳಿಡುತ್ತ ಕಾಲ್‌ಔಟ್‌ಗಳನ್ನು (ಪೈಲಟ್‌ಗಳು ಪರಸ್ಪರ ಹೇಳಬೇಕಾದ ನಿಗದಿತ ಮಾತುಗಳನ್ನು) ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬಹುದಾಗಿತ್ತು. ಅಪರಿಚಿತರ ಜೊತೆಗಿದ್ದರೆ ಅದು ಆಗದ ಮಾತು. ನಿಮ್ಮ ಜೊತೆಗಾರರು ಯಾರೆಂಬುದು ತಿಳಿಯುವವರೆಗೆ ದೀರ್ಘಾವಧಿಯ ಕೋಣೆಗೆ ಹಣ ಕಟ್ಟಬೇಡಿ.

ಎರಡನೆಯ ಉತ್ತರ

ತಂಗೀ, ನಾನೂ ಹುಬ್ಬಳ್ಳಿಯಿಂದ ಹೋಗಿ ಅಲ್ಲಿ ತರಬೇತಿ ಪಡೆದವಳು. ಮೇಲಿನವರು ಹೇಳಿದ್ದಕ್ಕೆ ಹೆಣ್ಣುಮಕ್ಕಳ ಕಡೆಯಿಂದ ಎರಡು ಮಾತು ಸೇರಿಸಬೇಕಾಗಿದೆ. ಮಹಿಳೆಯರ ಅನೇಕ ಪಿ.ಜಿ.ಗಳಲ್ಲಿ ರಾತ್ರಿ 10ಕ್ಕೆ ಗೇಟಿಗೆ ಬೀಗ ಬೀಳುತ್ತದೆ. ನಾನು ಹಣ ಕಟ್ಟುವಾಗ ‘ಪರವಾಗಿಲ್ಲ, ಹೇಳಿ ಹೋದರೆ ಸಾಕು’ ಎಂದಿದ್ದ ಓನರ್, ಮೊದಲ ರಾತ್ರಿಯ ಸ್ಲಾಟಿಗೆ 12ಕ್ಕೆ ಹೊರಟಾಗ ಕಾವಲುಗಾರನಿಗೆ ಏನನ್ನೂ ತಿಳಿಸಿರಲಿಲ್ಲ. ಅರ್ಧ ಗಂಟೆ ಅವನಿಗೆ ವಿವರಿಸಿ, ಬ್ರೀಫಿಂಗ್‌ಗೆ ತಡವಾಗಿ ತಲುಪಿದೆ. ಆದ್ದರಿಂದ ತರಬೇತಿ ಕೇಂದ್ರದಿಂದ ನಿಮ್ಮ ವೇಳೆಯ ಬಗ್ಗೆ ಒಂದು ಪತ್ರ ಪಡೆದುಕೊಂಡು, ಯಾವ ಹೊತ್ತಿನಲ್ಲಾದರೂ ಹೋಗಿಬರಲು ಅಭ್ಯಂತರವಿಲ್ಲ ಎಂಬುದನ್ನು ಓನರ್‌ನಿಂದ ಬರಹದಲ್ಲಿ, ಕನಿಷ್ಠ ವಾಟ್ಸ್ಆ್ಯಪ್ ಸಂದೇಶದಲ್ಲಾದರೂ, ಪಡೆಯಿರಿ.

ದ್ವಾರಕಾದ ವಿಚಾರ. ಮೆಟ್ರೊದಲ್ಲಾದರೆ ನೀಲಿ ಮಾರ್ಗದಲ್ಲಿ ಜನಕಪುರಿ ಪಶ್ಚಿಮಕ್ಕೆ, ಅಲ್ಲಿಂದ ಮೆಜೆಂಟಾ ಮಾರ್ಗದಲ್ಲಿ ಹೌಜ್ ಖಾಸ್‌ಗೆ, ಮತ್ತೆ ಹಳದಿ ಮಾರ್ಗದಲ್ಲಿ ಗುರುಗ್ರಾಮಕ್ಕೆ, ಹೀಗೆ ಎರಡು ಕಡೆ ರೈಲು ಬದಲಿಸಬೇಕು. ಗ್ರೌಂಡ್ ಕ್ಲಾಸ್‌ನ ದಿನಗಳಲ್ಲಿ ಇದನ್ನು ನಿಭಾಯಿಸಬಹುದು, ಬಂಧುಗಳ ಮನೆಯ ಊಟವೂ ಸಿಗುತ್ತದೆ. ಆದರೆ ರಾತ್ರಿ 11ರ ಆಸುಪಾಸಿನಲ್ಲಿ ಮೆಟ್ರೊ ನಿಂತ ಮೇಲೆ ಉಳಿಯುವುದು ಕ್ಯಾಬ್ ಮಾತ್ರ. ವಾರಕ್ಕೆ ಮೂರು-ನಾಲ್ಕು ರಾತ್ರಿ ಅಷ್ಟು ದೂರ ಹೋಗಿಬಂದರೆ ಉಳಿಸಿದ ಬಾಡಿಗೆಯ ಬಹುಪಾಲು ಅಲ್ಲಿಗೇ ಸಂದಾಯವಾಗುತ್ತದೆ. ನಡುರಾತ್ರಿ ಒಂಟಿಯಾಗಿ ದೂರ ಪ್ರಯಾಣಿಸುವ ಆತಂಕ ಬೇರೆ. ಸಿಮ್ಯುಲೇಟರ್ ಆರಂಭವಾಗುವ ಹೊತ್ತಿಗೆ ಕೇಂದ್ರದಿಂದ ಹದಿನೈದು ನಿಮಿಷದೊಳಗಿನ ದಾರಿಗೆ ಬಂದುಬಿಡಿ. ದೆಹಲಿಯ ರಾಮಕೃಷ್ಣಪುರದಲ್ಲಿ, ರಾವ್ ತುಲಾರಾಮ್ ಮಾರ್ಗದಲ್ಲಿರುವ ದೆಹಲಿ ಕರ್ನಾಟಕ ಸಂಘಕ್ಕೂ ಒಂದು ಭಾನುವಾರ ಹೋಗಿಬನ್ನಿ. ಅಲ್ಲಿ ಪರಿಚಯವಾದ ಕನ್ನಡದ ಕುಟುಂಬವೊಂದರ ಮೂಲಕವೇ ನನಗೆ ಗುರುಗ್ರಾಮದಲ್ಲಿ, ನಂಬಿಕಸ್ಥರೊಬ್ಬರ ಮನೆಯ ಮಹಡಿಯ ಮೇಲೆ ಕೋಣೆ ದೊರಕಿತು.

ಮೂರನೆಯ ಉತ್ತರ

ನನ್ನ ಮಗನಿಗಾಗಿ ಇದೇ ಹುಡುಕಾಟ ನಡೆಸಿದವನು ನಾನು, ಆದ್ದರಿಂದ ಹಣದ ಕಡೆಯ ವಿಷಯವನ್ನು ಮಾತ್ರ ಬರೆಯುತ್ತೇನೆ. ಫ್ಲ್ಯಾಟ್ ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ 11 ತಿಂಗಳ ಕರಾರು ಮಾಡಿಸುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕಾಗುವುದರಿಂದ ಬಂದ ರೂಢಿ ಇದು. ಅದರಲ್ಲಿ ‘ಲಾಕ್-ಇನ್’ ಎಂಬ, ಮನೆ ಬಿಡುವಂತಿಲ್ಲದ ಅವಧಿಯಿದ್ದರೆ, ನಡುವೆ ಬಿಟ್ಟು ಹೋದವರ ಅಡ್ವಾನ್ಸ್ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಮಗನ ಸ್ಲಾಟ್‌ಗಳು ಮುಂದೂಡಲ್ಪಟ್ಟು ಎರಡು ತಿಂಗಳೆಂದುಕೊಂಡದ್ದು ನಾಲ್ಕಾಯಿತು, ಅವನ ಸಹಪಾಠಿಯೊಬ್ಬನದು ಬೇಗನೆ ಮುಗಿಯಿತು. ಯಾವುದನ್ನೂ ಮುಂಚಿತವಾಗಿ ಹೇಳಲಾಗದ ಈ ಸ್ಥಿತಿಯಲ್ಲಿ, ಬಾಡಿಗೆ ಒಂದೆರಡು ಸಾವಿರ ಹೆಚ್ಚಾದರೂ ತಿಂಗಳು ತಿಂಗಳಿಗೆ ಮುಂದುವರಿಸಬಹುದಾದ, ಹದಿನೈದು ದಿನದ ಮುನ್ಸೂಚನೆ ಕೊಟ್ಟು ಬಿಡಬಹುದಾದ ಪಿ.ಜಿ.ಯೇ ಲಾಭದಾಯಕ.

ಕೆಲವು ಹಾಸ್ಟೆಲ್‌ಗಳು ಬಿಲ್ಲಿನಲ್ಲಿ ಜಿ.ಎಸ್.ಟಿ. ಸೇರಿಸುತ್ತವೆ. 2024ರ ಜುಲೈನಿಂದ, ತಿಂಗಳಿಗೆ ತಲಾ 20,000 ರೂಪಾಯಿ ಮೀರದ ವಸತಿಯಲ್ಲಿ ಸತತ 90 ದಿನ ಇರುವವರಿಗೆ ಈ ತೆರಿಗೆಯಿಂದ ವಿನಾಯಿತಿಯಿದೆ. ತರಬೇತಿ ಮೂರು ತಿಂಗಳು ಹಿಡಿಯುವಂತಿದ್ದರೆ ಇದನ್ನು ಮೊದಲೇ ಮಾತನಾಡಿಕೊಳ್ಳಿ. ವಿದ್ಯುತ್ತಿನ ಮೀಟರ್ ಬೇರೆಯೇ, ಜನರೇಟರ್‌ನ ಯೂನಿಟ್‌ಗೆ ಎಷ್ಟು ಎಂಬುದನ್ನೂ ಕೇಳಿ. ಮೇ-ಜೂನ್‌ನಲ್ಲಿ ಹಗಲು ಮಲಗುವವರು ಏ.ಸಿ. ಇಲ್ಲದೆ ಇರಲಾರರು. ಆ ಬಿಲ್ಲು ನಮ್ಮ ಲೆಕ್ಕವನ್ನೇ ತಲೆಕೆಳಗು ಮಾಡಿತ್ತು.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಗ್ರೌಂಡ್ ಕ್ಲಾಸ್ ಮುಗಿಯುವವರೆಗೆ ದ್ವಾರಕಾದಲ್ಲಿಯೇ ಇದ್ದು, ಜೊತೆಗಾರರ ಹೆಸರು ತಿಳಿದ ಕೂಡಲೇ ಇಬ್ಬರೂ ಸೇರಿ ಕೋಣೆ ನೋಡಬೇಕೆಂದು ಈಗ ಯೋಚಿಸಿದ್ದೇನೆ. ಆದರೆ ಜೊತೆಗಾರರು ಗಂಡಸಾಗಿದ್ದರೆ ಏನು ಮಾಡುವುದು?

ಎರಡನೆಯ ಉತ್ತರ ಬರೆದವರು

ನನಗೂ ಹಾಗೆಯೇ ಆಗಿತ್ತು. ನಾನು ಒಬ್ಬಳೇ ಚಿಕ್ಕ ಕೋಣೆ ಹಿಡಿದೆ, ಅವರು ಎರಡು ಬೀದಿ ಆಚೆ ಇದ್ದರು. ಪೋಸ್ಟರ್ ಅಭ್ಯಾಸವನ್ನು ತರಬೇತಿ ಕೇಂದ್ರದ ಖಾಲಿ ತರಗತಿಯಲ್ಲಿ ಮಾಡಿಕೊಂಡೆವು, ಕೇಳಿದರೆ ಕೊಡುತ್ತಾರೆ. ರಾತ್ರಿಯ ಕ್ಯಾಬ್ ಮೊದಲು ಅವರನ್ನು ಹತ್ತಿಸಿಕೊಂಡು ಆಮೇಲೆ ನನ್ನ ಗೇಟಿಗೆ ಬರುವಂತೆ, ಹಿಂದಿರುಗುವಾಗ ನಾನು ಮೊದಲು ಇಳಿಯುವಂತೆ ಗೊತ್ತುಮಾಡಿಕೊಂಡಿದ್ದೆವು. ಕೋಣೆ ನೋಡಲು ಮಾತ್ರ ಸಂಜೆ ಹೋಗಬೇಡಿ. ಕೆಲಸದ ದಿನ ಬೆಳಿಗ್ಗೆ 11ಕ್ಕೆ ಹೋಗಿ, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಅಷ್ಟರಲ್ಲಿ ತಿಳಿದುಬಿಡುತ್ತದೆ.